‘ಕಾಣುತ್ತದೆ’ ಎಂಬ ಪದ ಬಿಟ್ಟುಹೋದಾಗ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಕಳೆದ ವಾರ ಬಂದ ಎಂ87 ಗೆಲಾಕ್ಸಿಯ ಕುರಿತ ಬರಹದಲ್ಲಿ, ಕಪ್ಪುಕುಳಿಯು ತಾನು ನುಂಗಿದ್ದನ್ನು ಬೆಳಕಿಗಿಂತ ಆರು ಪಟ್ಟು ವೇಗದಲ್ಲಿ ಉಗುಳುತ್ತದೆ ಎಂಬರ್ಥದ ವಾಕ್ಯವೊಂದಿತ್ತು. ಒಂದೇ ವಾಕ್ಯದಲ್ಲಿ ಎರಡು ತಪ್ಪುಗಳಿದ್ದು, ಅದನ್ನೇ ನಂಬಿ ನಮ್ಮ ಓಣಿಯ ಪಿಯುಸಿ ಹುಡುಗನೊಬ್ಬ ವಾದಕ್ಕೆ ಬಂದದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಪ್ಪುಕುಳಿಯ ಗಡಿ ದಾಟಿದ್ದು ಮರಳಿ ಬರುವುದಿಲ್ಲ. ಬರಹದಲ್ಲಿ ಉಗುಳು ಎಂದದ್ದು ಜೆಟ್, ಅಂದರೆ ರಭಸದಿಂದ ಚಿಮ್ಮುವ ದ್ರವ್ಯದ ಧಾರೆ; ಅದು ಹುಟ್ಟುವುದು ಗಡಿಯ ಹೊರಗೆ. ಅಲ್ಲಿ ಗಿರಕಿ ಹೊಡೆಯುವ ಬಿಸಿ ಅನಿಲದ ಕಾಂತಕ್ಷೇತ್ರವು ಹಗ್ಗದಂತೆ ಹುರಿಗೊಂಡು ದ್ರವ್ಯದ ಒಂದು ಪಾಲನ್ನು ಅಕ್ಷದ ಗುಂಟ ಹೊರಕ್ಕೆ ತಳ್ಳುತ್ತದೆ. (ಬೀದರಿನ ನೆತ್ತಿಯ ಮೇಲೆ ದಿನವೂ ವಾಯುಪಡೆಯ ತರಬೇತಿ ವಿಮಾನಗಳು ಹಾರುವುದರಿಂದ, ಜೆಟ್ ಎಂದೊಡನೆ ಇಲ್ಲಿನ ಮಕ್ಕಳು ಆಕಾಶ ನೋಡುತ್ತಾರೆ; ‘ಚಿಮ್ಮುಧಾರೆ’ ಎಂದು ಬರೆದರೆ ಒಳ್ಳೆಯದಿತ್ತು.) ಈ ಧಾರೆಯಲ್ಲಿ ಕಾಂತರೇಖೆಗಳ ಸುತ್ತ ಸುರುಳಿಯಾಗಿ ಓಡುವ ಎಲೆಕ್ಟ್ರಾನುಗಳು ಸೂಸುವ ರೇಡಿಯೊ ತರಂಗಗಳನ್ನು ಹಿಡಿಯಲು, ಪುಣೆ ಜಿಲ್ಲೆಯ ಖೋಡದ್‌ನಲ್ಲಿ ತಲಾ 45 ಮೀಟರ್ ಅಗಲದ 30 ತಟ್ಟೆಗಳ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕ ಇದೆ.

ಇನ್ನು ವೇಗದ ಮಾತು. ಆರು ಪಟ್ಟು ಎಂಬ ಅಂಕಿ ಸುಳ್ಳಲ್ಲ. ಹಬಲ್ ದೂರದರ್ಶಕವು 1990ರ ದಶಕದಲ್ಲಿ ತೆಗೆದ ಚಿತ್ರಗಳಲ್ಲಿ ಎಂ87ರ ಧಾರೆಯ ಗಂಟುಗಳು, ಅಂದರೆ ಅದರಲ್ಲಿನ ಹೊಳೆಯುವ ಉಂಡೆಗಳು, ಅಷ್ಟು ವೇಗವಾಗಿ ಸರಿದಂತೆ ಕಾಣುತ್ತವೆ. ಆ ‘ಕಾಣುತ್ತವೆ’ ಬಿಟ್ಟುಹೋದದ್ದೇ ದೋಷ. ಶರಣಬಸವೇಶ್ವರ ಜಾತ್ರೆಗೆಂದು ಹುಮನಾಬಾದಿನಿಂದ ಭಕ್ತನೊಬ್ಬ ಬೆಳಿಗ್ಗೆ 6ಕ್ಕೆ ಕಾಲ್ನಡಿಗೆಯಲ್ಲಿ ಹೊರಟು, ಅದೇ ಗಳಿಗೆಗೆ ‘ಹೊರಟೆ’ ಎಂಬ ಸುದ್ದಿಯನ್ನು ತನಗಿಂತ ತುಸು ಚುರುಕಾದ ಹುಡುಗನ ಕೈಯಲ್ಲಿ ಕಳಿಸಿದನೆನ್ನಿ. ಹುಡುಗ ಕಲಬುರಗಿ ಮುಟ್ಟುವುದು ಸಂಜೆ 4ಕ್ಕೆ, ಭಕ್ತ ಬರುವುದು 5ಕ್ಕೆ. ಸುದ್ದಿ ದಾರಿಯಲ್ಲಿ ಕಳೆದ ಹತ್ತು ತಾಸುಗಳನ್ನು ಲೆಕ್ಕಕ್ಕೆ ಹಿಡಿಯದವರಿಗೆ, ಆತ ಅಷ್ಟೂ ದಾರಿಯನ್ನು ಒಂದೇ ತಾಸಿನಲ್ಲಿ ನಡೆದಂತೆ ತೋರುತ್ತದೆ. ಹುಡುಗನೇ ಬೆಳಕು, ಭಕ್ತನೇ ಧಾರೆಯ ಗಂಟು. ಧಾರೆ ನಮ್ಮತ್ತ ವಾಲಿದ್ದು, ಬೆಳಕಿನ ಬೆನ್ನಿಗೇ ಓಡುತ್ತಿದ್ದರೆ ಈ ಭ್ರಮೆ ತಪ್ಪದೆಂದು ಬ್ರಿಟನ್ನಿನ ಖಗೋಳವಿಜ್ಞಾನಿ ಮಾರ್ಟಿನ್ ರೀಸ್ 1966ರಲ್ಲೇ, ಅಂದರೆ ಯಾರೂ ಅದನ್ನು ಅಳೆಯುವ ಮೊದಲೇ, ಲೆಕ್ಕ ಹಾಕಿ ತೋರಿಸಿದ್ದರು.

ಧಾರೆ ನೇರವಾಗಿ ನಮ್ಮ ಕಡೆಗೇ ಮುಖ ಮಾಡಿದ ಗೆಲಾಕ್ಸಿಗಳಿಗೆ ಬ್ಲೇಜಾರ್ ಎನ್ನುತ್ತಾರೆ. ಅವುಗಳ ಬೆಳಕು ಹಠಾತ್ತನೆ ಭುಗಿಲೇಳುತ್ತದೆ. 2006ರ ಜುಲೈಯಲ್ಲಿ ಪಿಕೆಎಸ್ 2155-304 ಎಂಬ ಬ್ಲೇಜಾರ್‌ನ ಗಾಮಾ ಕಿರಣಗಳು ಕೆಲವೇ ನಿಮಿಷಗಳಲ್ಲಿ ಏರಿಳಿದದ್ದನ್ನು ನಮೀಬಿಯಾದ ಹೆಸ್ ದೂರದರ್ಶಕಗಳು ದಾಖಲಿಸಿದವು. ಅಷ್ಟು ದೊಡ್ಡ ಗೆಲಾಕ್ಸಿ ಇಡಿಯಾಗಿ ನಿಮಿಷಗಳಲ್ಲಿ ಹಾಗೆ ಮಿನುಗಲಾರದಾದ್ದರಿಂದ, ಉರಿದದ್ದು ಧಾರೆಯೊಳಗಿನ ತೀರ ಚಿಕ್ಕ ತುಣುಕೆಂದು ತಿಳಿಯುತ್ತದೆ. ತಮ್ಮ ಬರಹ ಇದನ್ನು ಕಪ್ಪುಕುಳಿಯ ಸ್ಫೋಟವೆಂದು ಕರೆದು ಮುಗಿಸಿದೆ.

ಮುಂದಿನ ವಾರ ಅದೇ ಪುಟದಲ್ಲಿ ಈ ತಿದ್ದುಪಡಿಗಳನ್ನು, ಸಾಧ್ಯವಾದರೆ ಧಾರೆ ವಾಲಿದ ಕೋನವನ್ನು ತೋರಿಸುವ ರೇಖಾಚಿತ್ರದೊಡನೆ, ಪ್ರಕಟಿಸಬೇಕೆಂದು ಕೋರುತ್ತೇನೆ. ನಮ್ಮ ಓಣಿಯ ಆ ಪಿಯುಸಿ ಹುಡುಗ ಪತ್ರಿಕೆಯ ಕತ್ತರಿಕೆಯನ್ನು ನೋಟ್‌ಬುಕ್ಕಿಗೆ ಅಂಟಿಸಿಟ್ಟಿದ್ದಾನೆ. ಪಕ್ಕದ ಹಾಳೆ ಖಾಲಿ ಬಿಡಿಸಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಬೀದರ್