ಫೋಟೊ ಇದ್ದರೆ ಸಾಕೇ?

ಮಾನ್ಯ ಸಂಪಾದಕರೇ,

ಹಿಮಾಲಯದ ಹಿಮಮಾನವ ಯೇತಿ, ಮತ್ಸ್ಯಕನ್ಯೆ, ಸರೋವರದ ದೈತ್ಯ ಪ್ರಾಣಿ ಇಂಥವನ್ನು ನಂಬುವವರೆಲ್ಲ ಪೆದ್ದರು ಅಂತ ಸುಮ್ನೆ ನಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪತ್ತೇದಾರಿ ಕತೆಗಳಿಗೆ ಹೆಸರಾದ ಆರ್ಥರ್ ಕಾನನ್ ಡಾಯ್ಲ್, ಇಂಗ್ಲೆಂಡಿನ ಕಾಟಿಂಗ್ಲಿಯಲ್ಲಿ ಇಬ್ಬರು ಹುಡುಗಿಯರು ತೆಗೆದ ಯಕ್ಷಿಣಿಯರ ಫೋಟೊ ನಂಬಿ 1920ರಲ್ಲಿ ಲೇಖನವನ್ನೇ ಬರೆದರು. ಅವು ರಟ್ಟಿನಲ್ಲಿ ಕತ್ತರಿಸಿ, ಟೋಪಿಗೆ ಚುಚ್ಚುವ ಪಿನ್ನಿನಿಂದ ನಿಲ್ಲಿಸಿದ ಚಿತ್ರಗಳು. ಆ ಇಬ್ಬರೂ ಇದನ್ನು ಒಪ್ಪಿಕೊಂಡಿದ್ದು 1983ರಲ್ಲಿ, ಮುದುಕಿಯರಾದ ಮೇಲೆ. ಡಾಯ್ಲ್‌ಗೆ ಬುದ್ಧಿ ಕಮ್ಮಿ ಇತ್ತಾ? ಖಂಡಿತ ಇಲ್ಲ. ಮಗ 1918ರಲ್ಲಿ ತೀರಿಕೊಂಡಿದ್ದ, ಸತ್ತವರ ಜೊತೆ ಮಾತಾಡಬಹುದು ಅಂತ ಅವರು ಬಲವಾಗಿ ನಂಬಿದ್ದರು. ಯಕ್ಷಿಣಿಯರು ಇದ್ದಾರೆ ಅಂದರೆ ಕಣ್ಣಿಗೆ ಕಾಣದ ಲೋಕವೂ ಇದೆ ಅಂತಾಯಿತಲ್ವಾ. ನಂಬಿಕೆ ಹುಟ್ಟುವುದು ಹೀಗೆ, ಬೇಕು ಅನ್ನುವ ಕಡೆಯಿಂದ. ಸಾಕ್ಷಿ ಹುಡುಕುವುದು ಆಮೇಲಿನ ಕೆಲಸ.

ಪತ್ರಿಕೆಯವರ ಪಾಲೂ ಇದರಲ್ಲಿದೆ, ಬೇಜಾರು ಮಾಡಿಕೊಳ್ಳಬೇಡಿ. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿದೆ ಎನ್ನಲಾದ ದೈತ್ಯ ಪ್ರಾಣಿಯನ್ನು ಹುಡುಕಲು 1933ರ ಕೊನೆಗೆ ಡೈಲಿ ಮೇಲ್ ಪತ್ರಿಕೆ ಮಾರ್ಮಡ್ಯೂಕ್ ವೆದರೆಲ್ ಎಂಬ ಬೇಟೆಗಾರನನ್ನು ಕಳಿಸಿತು. ದಡದಲ್ಲಿ ಭಾರಿ ಹೆಜ್ಜೆ ಗುರುತು ಸಿಕ್ಕಿದೆ ಅಂದ ಆತ. ತಜ್ಞರು ನೋಡಿದರೆ ಒಣಗಿಸಿಟ್ಟ ಹಿಪ್ಪೊ ಕಾಲಿನ ಅಚ್ಚು, ಅದೂ ಎಲ್ಲ ಗುರುತೂ ಒಂದೇ ಕಾಲಿನದು! ಮಾನ ಹೋದ ಸಿಟ್ಟಿಗೆ ಆತ ಮಲಮಗನಿಂದ ಆಟಿಕೆ ಸಬ್‌ಮೆರಿನ್ನಿನ ಮೇಲೆ ಉದ್ದ ಕತ್ತು, ತಲೆ ಮಾಡಿಸಿ ನೀರಿಗೆ ಬಿಡಿಸಿದ. ಫೋಟೊ 1934ರಲ್ಲಿ ಅದೇ ಪತ್ರಿಕೆಯಲ್ಲಿ ಒಬ್ಬ ಡಾಕ್ಟರ್ ಹೆಸರಲ್ಲಿ ಬಂತು. ಡಾಕ್ಟರ್ ಸುಳ್ಳು ಹೇಳ್ತಾರಾ ಅಂತ ಜನ ನಂಬಿದರು. ಸುತ್ತಲಿನ ನೀರನ್ನು ಕತ್ತರಿಸಿ ಅಚ್ಚು ಹಾಕಿದ್ದರಿಂದ ಅದು ದೈತ್ಯನಂತೆ ಕಂಡಿತು. ಇಡೀ ಫೋಟೊದಲ್ಲಿ ಅಲೆಗಳ ಪಕ್ಕ ಅದು ಪುಟಾಣಿ. ಈ ಗುಟ್ಟು ಪೂರ್ತಿ ರಟ್ಟಾಗಿದ್ದು 1994ರಲ್ಲಿ.

ಒಂದು ಫೋಟೊ ಸುಳ್ಳಾದರೆ ಪ್ರಾಣಿಯೇ ಸುಳ್ಳಾ ಅಂತ ಕೇಳುವವರಿದ್ದಾರೆ, ಸರಿಯಾದ ಪ್ರಶ್ನೆಯೇ. ಹಾಗಾದರೆ ಪ್ರಾಣಿ ನಿಜ ಅಂತಲೇ ಇಟ್ಟುಕೊಂಡು ನೋಡೋಣ. ಒಂದೇ ಪ್ರಾಣಿ ನೂರಾರು ವರ್ಷ ಬದುಕುವುದಿಲ್ಲ, ಗಂಡು ಹೆಣ್ಣು ಮರಿ ಅಂತ ಒಂದು ಹಿಂಡೇ ಬೇಕು. ಹಿಂಡಿದ್ದರೆ ಹೆಣ ತೇಲಬೇಕು, ಮೂಳೆ ಸಿಗಬೇಕು. ಸುಮಾರು 10,000 ವರ್ಷದ ಹಿಂದಿನವರೆಗೂ ಆ ಜಾಗವೆಲ್ಲ ಹಿಮದಡಿ ಇತ್ತು, ಡೈನೋಸಾರ್ ಕಾಲದಿಂದ ಅಲ್ಲೇ ಅಡಗಿದೆ ಅನ್ನುವುದಕ್ಕೆ ಅರ್ಥವೇ ಇಲ್ಲ. 2018ರಲ್ಲಿ ವಿಜ್ಞಾನಿಗಳು ಆ ನೀರಿನಲ್ಲಿ ಬೆರೆತಿರುವ ಡಿಎನ್‌ಎ ಸಂಗ್ರಹಿಸಿ ಪರೀಕ್ಷೆ ಮಾಡಿದರು. ಹಾವುಮೀನಿನದು ಬೇಕಾದಷ್ಟು ಸಿಕ್ಕಿತು, ದೈತ್ಯ ಸರೀಸೃಪದ್ದು ಚೂರೂ ಇಲ್ಲ. ಯೇತಿಯದೂ ಇದೇ ಕತೆ. ಯೇತಿಯದು ಅಂತ ಜೋಪಾನ ಮಾಡಿದ್ದ 9 ಮಾದರಿಗಳನ್ನು ಪರೀಕ್ಷಿಸಿ 2017ರಲ್ಲಿ ವರದಿ ಬಂತು: 8 ಕರಡಿ, 1 ನಾಯಿ.

ಇಷ್ಟಾದರೂ ನೋಡಿದೆ ಅನ್ನುವವರು ಇದ್ದೇ ಇರುತ್ತಾರೆ, ಬಹಳಷ್ಟು ಜನ ಸುಳ್ಳು ಹೇಳುತ್ತಿರುವುದೂ ಇಲ್ಲ. ಮಬ್ಬಿನಲ್ಲಿ ತೇಲುವ ಮರದ ದಿಮ್ಮಿಗೆ ತಲೆ, ಬೆನ್ನು ಕೊಡುವುದು ನಮ್ಮ ಕಣ್ಣಿನ ಚಾಳಿ. ಏನು ಕಾಣಬೇಕು ಅಂತ ಮೊದಲೇ ಕೇಳಿಕೊಂಡು ಹೋದವರಿಗಂತೂ ಇನ್ನೂ ಬೇಗ ಕಾಣುತ್ತದೆ.

ನಿಮ್ಮಲ್ಲಿ ಒಂದು ಕೋರಿಕೆ. ಇಂಥ ಸುದ್ದಿ ಬಂದಾಗ ಫೋಟೊ ಕತ್ತರಿಸದೆ ಇಡಿಯಾಗಿ ಹಾಕಿ, ತೆಗೆದವರು ಯಾರು, ಎಷ್ಟು ದೂರದಿಂದ ಅನ್ನುವುದನ್ನೂ ಬರೆಯಿರಿ. ಸುಳ್ಳು ಅಂತ ಗೊತ್ತಾದರೆ ಅದನ್ನೂ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ.

ಇಂತಿ,
ನಿಮ್ಮ ಓದುಗ