ಒಂದು ರಾತ್ರಿಯ ಅತಿಥಿಗಳಿಗೆ: ನಮ್ಮಲ್ಲಿ ಕೋಣೆ ಕೊಡುವ, ಬಿಡುವ ಹೊತ್ತು ಬದಲಾಗುತ್ತಿದೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ಊಟಿಯ ಸರ್ಕಾರಿ ಸಸ್ಯೋದ್ಯಾನದ ಪಕ್ಕದಲ್ಲಿರುವ ನಮ್ಮ ಒಂಬತ್ತು ಕೋಣೆಗಳ ಚಿಕ್ಕ ರೆಸಾರ್ಟಿನಲ್ಲಿ ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಹೊತ್ತಿನ ವ್ಯವಸ್ಥೆ ಬದಲಾಗುತ್ತಿದೆ. ಇದುವರೆಗೆ ಮಧ್ಯಾಹ್ನ 12ಕ್ಕೆ ಕೋಣೆ ಕೊಡುತ್ತಿದ್ದೆವು, ಮರುದಿನ ಬೆಳಿಗ್ಗೆ 10ಕ್ಕೆ ಖಾಲಿ ಮಾಡಬೇಕಿತ್ತು. ಇನ್ನು ಮುಂದೆ ಸಂಜೆ 4ಕ್ಕೆ ಕೋಣೆ ಸಿಗುತ್ತದೆ, ಮರುದಿನ ಮಧ್ಯಾಹ್ನ 1.30ಕ್ಕೆ ಬಿಟ್ಟರೆ ಸಾಕು. ಇಬ್ಬರ ಕೋಣೆಯ ಬಾಡಿಗೆ ₹2,800 ಇದ್ದದ್ದು ₹3,100 ಆಗುತ್ತದೆ, ತೆರಿಗೆ ಪ್ರತ್ಯೇಕ. ಅವಸರದಲ್ಲಿರುವವರು ಇಷ್ಟು ತಿಳಿದುಕೊಂಡರೆ ಸಾಕು. ಯಾಕೆ ಎಂದು ಕೇಳುವವರಿಗಾಗಿ ಉಳಿದದ್ದನ್ನು ಬರೆಯುತ್ತಿದ್ದೇವೆ.

ಗಡಿಯಾರ ಹಿಡಿದು ಎಣಿಸುವವರು ಹೇಗೂ ಎಣಿಸುತ್ತೀರಿ, ಆದ್ದರಿಂದ ನಾವೇ ಹೇಳಿಬಿಡುತ್ತೇವೆ: ಹಳೆಯ ಲೆಕ್ಕದಲ್ಲಿ ಕೋಣೆ ನಿಮ್ಮ ಕೈಯಲ್ಲಿ 22 ಗಂಟೆ ಇರುತ್ತಿತ್ತು, ಹೊಸ ಲೆಕ್ಕದಲ್ಲಿ ಇಪ್ಪತ್ತೊಂದೂವರೆ. ದುಡ್ಡು ಜಾಸ್ತಿ, ಹೊತ್ತು ಕಮ್ಮಿ. ಆದರೂ ಇದು ನಿಮಗೆ ಲಾಭದ ಬದಲಾವಣೆ ಎಂದೇ ನಾವು ನಂಬಿದ್ದೇವೆ. ಕಾರಣ ಒಂದೇ. ಸಸ್ಯೋದ್ಯಾನದ ಪಕ್ಕದಲ್ಲಿ ಮಲಗಿ ಏಳುವುದರಿಂದ ಸಿಗುವ ನಿಜವಾದ ಸುಖ ಬೆಳಗಿನ ಹೊತ್ತಿನದು, ಅದನ್ನೇ ಹಳೆಯ ವೇಳಾಪಟ್ಟಿ ಕಸಿದುಕೊಳ್ಳುತ್ತಿತ್ತು.

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೈಸೂರು, ಬೆಂಗಳೂರು, ಚಾಮರಾಜನಗರದ ಕಡೆಯವರು, ಒಂದೇ ರಾತ್ರಿ ಉಳಿಯುವವರು. ಶನಿವಾರ ಕತ್ತಲಿರುವಾಗಲೇ ಮನೆ ಬಿಟ್ಟು, 12ಕ್ಕೆ ಇಲ್ಲಿ ಬ್ಯಾಗ್ ಇಳಿಸಿ, ಊಟ ಮುಗಿಸಿ, ಎಲ್ಲರೂ ಹೋಗುವ ಹೊತ್ತಿಗೇ ಉದ್ಯಾನಕ್ಕೆ ಹೋಗುತ್ತಿದ್ದರು. ವಾರಾಂತ್ಯದ ಮೂರು ಗಂಟೆಗೆ ಆ ಗೇಟಿನ ಮುಂದೆ ನಿಂತವರಿಗೆ ಅದೆಂಥ ಜಾತ್ರೆ ಎಂದು ವಿವರಿಸಬೇಕಾಗಿಲ್ಲ. ಮರುದಿನ ಏಳಕ್ಕೆ ಎದ್ದರೆ ಸ್ನಾನ, ತಿಂಡಿ, ಗಂಟುಮೂಟೆ ಕಟ್ಟುವುದು, ಅಷ್ಟರಲ್ಲಿ ಹತ್ತಾಗುತ್ತಿತ್ತು. ಲಗೇಜನ್ನೆಲ್ಲ ಕಾರಿಗೆ ತುಂಬಿಕೊಂಡೇ ಊರು ಸುತ್ತಬೇಕು. ಜೊತೆಯಲ್ಲಿ ವಯಸ್ಸಾದವರೋ ಹಸುಗೂಸೋ ಇದ್ದರೆ ಬಚ್ಚಲಿಗೂ ಹೋಟೆಲ್ ಹುಡುಕಬೇಕು.

ಉದ್ಯಾನದ ಬಾಗಿಲು ಬೆಳಿಗ್ಗೆ 7ಕ್ಕೆ ತೆರೆಯುತ್ತದೆ. ಏಳರಿಂದ ಒಂಬತ್ತರವರೆಗೆ ಅದು ಬೇರೆಯೇ ತೋಟ. ಬಸ್ಸುಗಳು ಇನ್ನೂ ಬಂದಿರುವುದಿಲ್ಲ, ಮಾಲಿಗಳು ಪೈಪ್ ಹಿಡಿದು ಕುಂಡಗಳಿಗೆ ನೀರು ಬಿಡುತ್ತಿರುತ್ತಾರೆ. ದೊಡ್ಡಬೆಟ್ಟದ ಕೆಳ ಇಳಿಜಾರಿನಲ್ಲಿ ಸುಮಾರು 55 ಎಕರೆಯಷ್ಟು ಹರಡಿಕೊಂಡ ಜಾಗ ಅದು. 1840ರ ದಶಕದಲ್ಲಿ ಇಲ್ಲಿದ್ದ ಯುರೋಪಿಯನ್ನರು ಚಂದಾ ಹಾಕಿಕೊಂಡು ತಮಗೆ ಬೇಕಾದ ತರಕಾರಿ ಬೆಳೆಯಲು ಶುರು ಮಾಡಿದ ತೋಟವೇ ಇದರ ಮೂಲ. 1848ರಲ್ಲಿ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸ ಕಲಿತಿದ್ದ ವಿಲಿಯಂ ಗ್ರಹಾಂ ಮ್ಯಾಕ್‌ಐವರ್ ಬಂದು, ಜೌಗು, ಪೊದೆ, ಕಡಿದಾದ ಇಳಿಜಾರುಗಳನ್ನೆಲ್ಲ ಹದಕ್ಕೆ ತಂದು, ಮೆಟ್ಟಿಲು ಮೆಟ್ಟಿಲಾಗಿ ತೋಟ ಕಟ್ಟಿದ. ನೀಲಗಿರಿಯಲ್ಲಿ ಸಿಂಕೋನಾ ಬೆಳೆಸಿದ್ದೂ ಇದೇ ಮನುಷ್ಯ. ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಕ್ವಿನೈನ್ ಆ ಮರದ ತೊಗಟೆಯಿಂದಲೇ ಬರುತ್ತಿತ್ತು.

ನಮ್ಮ ಸಲಹೆ ಕೇಳಿದರೆ, ಕೆಳಗಿನಿಂದ ನೋಡುತ್ತಾ ಹೋಗಬೇಡಿ. ಕಾಲಿನಲ್ಲಿ ಕಸುವಿರುವಾಗಲೇ ನೇರ ಮೇಲಕ್ಕೆ ಹತ್ತಿ, ಇಳಿಯುತ್ತಾ ನೋಡಿ. ತೀರ ಮೇಲೆ ನೀಲಗಿರಿಯ ಮೂಲನಿವಾಸಿಗಳಾದ ತೋಡರ ಮಂದ್, ಅಂದರೆ ಅವರ ಪುಟ್ಟ ಹಟ್ಟಿ ಇದೆ. ಅದು ಪ್ರದರ್ಶನದ ವಸ್ತುವಲ್ಲ, ಜನ ಬಾಳುವ ಜಾಗ. ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ. ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ನೂಲಿನ ಅವರ ಕಸೂತಿಯ ಶಾಲು ಕೊಳ್ಳುವ ಮನಸ್ಸಿದ್ದರೆ ಚೌಕಾಸಿ ಮಾಡಬೇಡಿ, ಒಂದು ಶಾಲಿನ ಹಿಂದೆ ಎಷ್ಟು ದಿನದ ಕೈಕೆಲಸ ಇದೆಯೆಂದು ಅವರನ್ನೇ ಕೇಳಿ ನೋಡಿ. ಅಲ್ಲಿಂದ ಇಳಿದರೆ ಕಲ್ಲಾದ ಮರದ ಕಾಂಡ ಸಿಗುತ್ತದೆ, ವಯಸ್ಸು 2 ಕೋಟಿ ವರ್ಷ ಎನ್ನುತ್ತಾರೆ. ಹೆಚ್ಚಿನವರು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದು ಮುಂದೆ ಹೋಗುತ್ತಾರೆ, ತೊಗಟೆಯ ಗೆರೆ ಕಲ್ಲಿನಲ್ಲಿ ಹೇಗೆ ಉಳಿದಿದೆ ಎಂದು ಬಗ್ಗಿ ನೋಡುವವರು ಕಮ್ಮಿ. ಇಟಲಿಯ ಕೈದಿಗಳು ಮಾಡಿದ್ದೆಂದು ಹೇಳುವ ಇಟಾಲಿಯನ್ ತೋಟ ಇಳಿಯುವ ದಾರಿಯಲ್ಲೇ ಬರುತ್ತದೆ. ಮಂಡಿನೋವಿನವರು ಮೇಲೆ ಹತ್ತಲೇಬೇಕೆಂದಿಲ್ಲ. ಕೆಳಗಿನ ತೋಟದ ಜರೀಗಿಡಗಳ ಮನೆ, ಹಳೆಯ ಮರಗಳ ಸಾಲು, ಒಂದೆರಡು ಬೆಂಚು, ಅಷ್ಟರಲ್ಲೇ ಒಂದು ಬೆಳಗು ಚೆನ್ನಾಗಿ ಕಳೆಯುತ್ತದೆ. ಮೇ ತಿಂಗಳ ಪುಷ್ಪ ಪ್ರದರ್ಶನದ ತಯಾರಿ ನಡೆಯುವಾಗ ದೊಡ್ಡ ಹುಲ್ಲುಹಾಸಿನ ಮೇಲೆ ಓಡಾಡಲು ಬಿಡದ ದಿನಗಳಿರುತ್ತವೆ, ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಹೊಸ ವ್ಯವಸ್ಥೆಯಲ್ಲಿ ಅಡುಗೆಮನೆಯ ಹೊತ್ತೂ ಬದಲಾಗುತ್ತದೆ. ಬೆಳಿಗ್ಗೆ 6.15ಕ್ಕೆ ವರಾಂಡದಲ್ಲಿ ಫಿಲ್ಟರ್ ಕಾಫಿ, ಚಹಾ ಮತ್ತು ಊಟಿಯ ವರ್ಕಿ (ಪದರಪದರದ ಗರಿಗರಿ ಬಿಸ್ಕತ್ತು) ಇರುತ್ತದೆ. ಕುಡಿದು, ಸ್ವೆಟರ್ ಹಾಕಿಕೊಂಡು ನಡೆದೇ ಹೋಗಿ. ಕಾರು ನಮ್ಮ ಅಂಗಳದಲ್ಲೇ ಇರಲಿ, ಅಲ್ಲಿ ಪಾರ್ಕಿಂಗ್ ಹುಡುಕುವುದಕ್ಕಿಂತ ನಡೆಯುವುದೇ ಬೇಗ. ತಿಂಡಿ 8.30ರಿಂದ 11ರವರೆಗೆ. ಹಿಂದೆ 9.30ಕ್ಕೆ ಮುಚ್ಚುತ್ತಿದ್ದೆವು. ತೋಟ ಸುತ್ತಿ ಹಸಿದು ಬಂದವರಿಗೆ ಬಿಸಿ ಇಡ್ಲಿಯೋ ಉಪ್ಪಿಟ್ಟೋ ಬಡಿಸುವುದೇ ನಮ್ಮ ಅಡುಗೆಯವರಿಗೂ ಇಷ್ಟ. ತಿಂಡಿಯಾದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬೇಕಿದ್ದರೆ ಒಂದು ಸಣ್ಣ ನಿದ್ದೆ ತೆಗೆದು, 1.30ಕ್ಕೆ ಹೊರಡಬಹುದು.

ಹಾಗಿದ್ದರೆ ಮೊದಲೇ ಯಾಕೆ ಹೀಗೆ ಮಾಡಲಿಲ್ಲ ಎಂದು ಕೆಲವರು ಕೇಳಿದ್ದಾರೆ. ಅಡ್ಡ ಬಂದದ್ದು ಹಾಸಿಗೆಯ ಬಟ್ಟೆ. ಊಟಿಯ ಮಳೆಗಾಲದಲ್ಲಿ ಬೆಡ್‌ಶೀಟ್ ಹಗ್ಗದ ಮೇಲೆ ಎರಡು ದಿನ ಇದ್ದರೂ ಒಣಗುವುದಿಲ್ಲ, ಮಂಜು ಬಿದ್ದರೆ ಒಣಗಿದ್ದೂ ಮತ್ತೆ ತಣ್ಣಗಾಗುತ್ತದೆ. ಕೋಣೆ ಬೇಗ ಬಿಡಿಸಿಕೊಂಡರೆ ಮಾತ್ರ ಒಗೆದು, ಒಣಗಿಸುವ ಯಂತ್ರಕ್ಕೆ ಸರದಿಯಲ್ಲಿ ಹಾಕಿ, ಮಧ್ಯಾಹ್ನಕ್ಕೆ ಕೋಣೆ ಸಿದ್ಧ ಮಾಡಲು ಆಗುತ್ತಿತ್ತು. ಈಗ ಪ್ರತಿ ಕೋಣೆಗೂ ಇನ್ನೊಂದು ಪೂರ್ತಿ ಜೊತೆ ಹೊದಿಕೆ, ಹಾಸು, ಕಂಬಳಿ ತಂದಿದ್ದೇವೆ, ಮಧ್ಯಾಹ್ನದ ಪಾಳಿಗೆ ಇಬ್ಬರನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದೇವೆ. 1.30ಕ್ಕೂ 4ಕ್ಕೂ ನಡುವಿನ ಎರಡೂವರೆ ಗಂಟೆಯಲ್ಲಿ ಒಂಬತ್ತೂ ಕೋಣೆ ಸಿದ್ಧವಾಗಬೇಕು. ಏರಿಸಿದ ₹300 ಹೋಗುವುದು ಮುಖ್ಯವಾಗಿ ಈ ಎರಡಕ್ಕೆ.

‘ಜಿಎಸ್‌ಟಿ ಇಳಿದಿದೆಯಲ್ಲ, ನೀವು ಯಾಕೆ ಏರಿಸುತ್ತೀರಿ’ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ದಿನಕ್ಕೆ ₹7,500ರವರೆಗಿನ ಕೋಣೆಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದದ್ದು ನಿಜ. ಆದರೆ ಇಳಿಕೆಯ ಜೊತೆಗೆ ಒಂದು ಷರತ್ತೂ ಬಂದಿದೆ. ನಾವು ಸೋಪು, ಬಟ್ಟೆ, ಗೀಸರ್, ರಿಪೇರಿಗೆಂದು ಕೊಡುವ ತೆರಿಗೆಯನ್ನು ಮೊದಲು ನಮ್ಮ ಲೆಕ್ಕದಲ್ಲಿ ಕಳೆದುಕೊಳ್ಳಬಹುದಿತ್ತು, ಈಗ ಹಾಗಿಲ್ಲ, ಅದೂ ಖರ್ಚಿನ ಬಾಬತ್ತಿಗೇ ಸೇರುತ್ತದೆ. ನಿಮ್ಮ ಜೇಬಿನ ಲೆಕ್ಕ ಹೇಳುವುದಾದರೆ, ₹2,800ಕ್ಕೆ ಶೇ 12 ಸೇರಿಸಿ ಆಗ ₹3,136 ಕೊಡುತ್ತಿದ್ದಿರಿ. ಇನ್ನು ₹3,100ಕ್ಕೆ ಶೇ 5 ಸೇರಿಸಿ ₹3,255 ಕೊಡುತ್ತೀರಿ. ಆಗಿನದಕ್ಕೆ ಹೋಲಿಸಿದರೆ ನಿಮ್ಮ ಕೈಯಿಂದ ಹೆಚ್ಚಿಗೆ ಹೋಗುವುದು ₹119.

ಪ್ರಯಾಣದ ಮಾತಿಗೆ ಬಂದರೆ, ಸಂಜೆ 4ರ ಹೊತ್ತು ದಾರಿಗೂ ಅನುಕೂಲ. ಮೈಸೂರಿನವರು ತಿಂಡಿ ಮುಗಿಸಿಯೇ ಹೊರಡಬಹುದು, ಬೆಂಗಳೂರಿನವರು ನಡುರಾತ್ರಿ ಏಳಬೇಕಾಗಿಲ್ಲ. ಗೂಡಲೂರು ದಾರಿಯಲ್ಲಿ ಬಂದರೆ ಪೈಕಾರದ ಕೆರೆ, ಜಲಪಾತ ನೋಡಿಕೊಂಡೇ ಬನ್ನಿ. ಬೇಗ ಬಂದವರು ಬ್ಯಾಗುಗಳನ್ನು ನಮ್ಮಲ್ಲಿಟ್ಟು, ಕೈಕಾಲು ಮುಖ ತೊಳೆದು, ಚಹಾ ಕುಡಿದು ಹೊರಗೆ ಹೋಗಬಹುದು, ಅದಕ್ಕೆ ದುಡ್ಡಿಲ್ಲ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. 1.30ಕ್ಕೆ ಇಲ್ಲಿಂದ ಹೊರಟರೆ ದಾರಿಯಲ್ಲಿ ನಿಧಾನವಾಗಿ ಊಟ ಮಾಡಿಕೊಂಡರೂ ಬೆಳಕಿರುವಾಗಲೇ ಕಾಡು ದಾಟುತ್ತೀರಿ. ಮೊದಲು ಎಲ್ಲವನ್ನೂ ಮಧ್ಯಾಹ್ನಕ್ಕೇ ಇಟ್ಟುಕೊಂಡು, ಸಂಜೆ ಹೊರಟು, ಗೇಟು ಬೀಳುತ್ತದೆಂದು ಆ ತಿರುವುಗಳಲ್ಲಿ ಗಾಡಿ ಓಡಿಸಿದವರು ಮನೆ ಸೇರಿ ಫೋನ್ ಮಾಡುವ ತನಕ ನಮಗೂ ಸಮಾಧಾನ ಇರುತ್ತಿರಲಿಲ್ಲ. ಒಂದು ಮಾತು ನೆನಪಿಡಿ: ಮಸಿನಗುಡಿಯ ಮೇಲಿನ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ, ಹೊರಗಿನ ವಾಹನಗಳನ್ನು ಆ ದಾರಿಯಲ್ಲಿ ಇಳಿಯಲು ಬಿಡುವುದಿಲ್ಲ. ನಕ್ಷೆ ಹತ್ತಿರದ ದಾರಿ ಎಂದು ಅದನ್ನೇ ತೋರಿಸಿದರೂ ಹಿಂದಿರುಗುವಾಗ ಗೂಡಲೂರಿನ ಮೇಲೇ ಹೋಗಿ.

ನೀಲಗಿರಿಗೆ ಬರುವ ಸ್ವಂತ ಹಾಗೂ ಬಾಡಿಗೆ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ (ಆನ್‌ಲೈನಿನಲ್ಲಿ ಮೊದಲೇ ಮಾಡಿಸಬೇಕಾದ ಪ್ರವೇಶ ಚೀಟಿ) ಬಂದಿದೆ. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳ ಮಿತಿಯನ್ನೂ ಹಾಕಿದ್ದರು. ಆದ್ದರಿಂದ ಕೋಣೆ ಕಾದಿರಿಸಿದ ದಿನವೇ ಪಾಸನ್ನೂ ಮಾಡಿಸಿಬಿಡಿ. ನಮ್ಮ ರಸೀದಿ ಇದ್ದ ಮಾತ್ರಕ್ಕೆ ಚೆಕ್‌ಪೋಸ್ಟಿನಲ್ಲಿ ಬಿಡುವುದಿಲ್ಲ. ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಈ ತಾಪತ್ರಯವಿಲ್ಲ, ನಮ್ಮನ್ನು ಕೇಳಿದರೆ ಮೈಸೂರಿನಿಂದ ಬಸ್ಸೇ ವಾಸಿ. ನೀರಿನ ಪ್ಲಾಸ್ಟಿಕ್ ಬಾಟಲಿ, ಕವರು, ಲೋಟ, ತಟ್ಟೆ ಯಾವುದನ್ನೂ ತರಬೇಡಿ. ಜಿಲ್ಲೆಯಲ್ಲಿ ನಿಷೇಧವಿದೆ, ತಪಾಸಣೆಯಲ್ಲಿ ಸಿಕ್ಕರೆ ದಂಡ ಕಟ್ಟಬೇಕು. ಸ್ಟೀಲ್ ಬಾಟಲಿ ತಂದರೆ ಕುಡಿಯುವ ನೀರು ನಾವು ತುಂಬಿಕೊಡುತ್ತೇವೆ.

ಮೇ ತಿಂಗಳ ಪುಷ್ಪ ಪ್ರದರ್ಶನದ ದಿನಗಳಲ್ಲೂ ಇದೇ ಹೊತ್ತು, ಇದೇ ಬಾಡಿಗೆ. ಆದರೆ ಹೂವಿನ ರಾಶಿ ನೋಡುವ ಆಸೆಯಿಲ್ಲದೆ ತೋಟ ನೋಡುವ ಆಸೆ ಮಾತ್ರ ಇರುವವರು ಆ ವಾರ ಬರಬೇಡಿ ಎಂದು ವ್ಯಾಪಾರಸ್ಥರಾಗಿಯೂ ಹೇಳುತ್ತೇವೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೂವೂ ಇರುತ್ತದೆ, ಉಸಿರಾಡಲು ಜಾಗವೂ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬರುವವರು ಕಿವಿಗೆ ಟೋಪಿ, ಕೈಗವಸು ತನ್ನಿ, ಹುಲ್ಲಿನ ಮೇಲೆ ಹಿಮ ಕಟ್ಟುವ ಬೆಳಗುಗಳು ಆಗಲೇ ಬರುವುದು.

ಈಗಾಗಲೇ ಮುಂಗಡ ಕೊಟ್ಟು ಮುಂದಿನ ತಿಂಗಳಿಗೆ ಕೋಣೆ ಕಾದಿರಿಸಿದವರಿಗೆ ಬಾಡಿಗೆ ಹಳೆಯದೇ, ಹೊತ್ತು ಮಾತ್ರ ಹೊಸದು. ಮಧ್ಯಾಹ್ನವೇ ಕೋಣೆ ಬೇಕೇಬೇಕು ಎನ್ನುವವರಿದ್ದರೆ (ಔಷಧಿ ತೆಗೆದುಕೊಳ್ಳುವ ಹಿರಿಯರು, ಬಾಣಂತಿಯರು) ಮೊದಲೇ ತಿಳಿಸಿ, ಹಿಂದಿನ ರಾತ್ರಿ ಖಾಲಿ ಉಳಿದ ಕೋಣೆಯಿದ್ದರೆ ಹೆಚ್ಚಿಗೆ ಏನೂ ತೆಗೆದುಕೊಳ್ಳದೆ ಕೊಡುತ್ತೇವೆ. ಹೊಸ ಹೊತ್ತು ಹೊಂದುವುದೇ ಇಲ್ಲ ಎಂದಾದರೆ ಈ ತಿಂಗಳ ಕೊನೆಯೊಳಗೆ ಹೇಳಿ, ಮುಂಗಡ ಪೂರ್ತಿ ಹಿಂದಿರುಗಿಸುತ್ತೇವೆ. ಎರಡು ರಾತ್ರಿ ಅಥವಾ ಅದಕ್ಕಿಂತ ಹೆಚ್ಚು ಉಳಿಯುವವರಿಗೆ ದಿನಕ್ಕೆ ₹2,900. ಕಾದಿರಿಸಲು ಎಂದಿನಂತೆ ರಸೀದಿಯಲ್ಲಿರುವ ನಂಬರಿಗೇ ಫೋನ್ ಮಾಡಿ. ಬೆಳಿಗ್ಗೆ 7ರಿಂದ 9ರವರೆಗೆ ಮಾತ್ರ ಎತ್ತುವುದು ತಡವಾಗಬಹುದು, ಆ ಹೊತ್ತಿನಲ್ಲಿ ನಾವೂ ಅತಿಥಿಗಳ ಜೊತೆ ತೋಟದಲ್ಲಿರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ರೆಸಾರ್ಟಿನ ಪಾಲುದಾರರು ಮತ್ತು ಸಿಬ್ಬಂದಿ
ಉದಕಮಂಡಲ