ಅಮೆರಿಕದ ವಲಸೆ ಚರ್ಚೆ: ಗುಂಪಿನವರಲ್ಲಿ ಒಂದು ಮನವಿ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಕಾಗದಪತ್ರವಿಲ್ಲದೆ ನೆಲೆಸಿರುವವರಿಗೆ ಕ್ಷಮಾದಾನ, ಅಂದರೆ ಕಾನೂನುಬದ್ಧವಾಗಿ ಉಳಿಯುವ ಅವಕಾಶ, ಕೊಡಬೇಕೋ ಬೇಡವೋ ಅಂತ ನಿನ್ನೆ ರಾತ್ರಿ ಶುರುವಾದ ಮಾತು ಬೈಗುಳಕ್ಕೆ ಹೋಯಿತು. ಕುವೆಂಪುನಗರದ ಇಬ್ಬರು ಹಿರಿಯರು ಗುಂಪು ಬಿಟ್ಟರು. ತುಂಬಾ ಬೇಸರವಾಗಿದೆ.

ಬೇಡ ಅನ್ನುವವರ ನೋವು ನನ್ನ ಮನೆಯಲ್ಲೇ ಇದೆ. ಮಗ ಅಲ್ಲಿ ಎಚ್-1ಬಿ ಅನ್ನೋ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದಾನೆ. ಉದ್ಯೋಗದ ಗ್ರೀನ್ ಕಾರ್ಡ್‌ಗಳಲ್ಲಿ (ಕಾಯಂ ನೆಲೆಸುವ ಪರವಾನಗಿ) ಒಂದೊಂದು ದೇಶಕ್ಕೆ ಸುಮಾರು ಶೇ. 7ರ ಮಿತಿ, ಹಾಗಾಗಿ ನಿಯಮದಂತೆ ಕಾಯುತ್ತಿರುವ ನಮ್ಮ ಭಾರತೀಯರ ಸಾಲು ಕರಗುವುದೇ ಇಲ್ಲ. ಅಜ್ಜಿ ತೀರಿಕೊಂಡಾಗ, ಬಂದರೆ ವಾಪಸ್ ಹೋಗೋದು ಕಷ್ಟವಾಗುತ್ತೇನೋ ಅಂತ ಹೆದರಿ ಅವನು ಬರಲಿಲ್ಲ. ಚಾಮುಂಡಿ ಬೆಟ್ಟದ ತಪ್ಪಲಿನ ಸ್ಮಶಾನದಲ್ಲಿ ಫೋನ್ ಎತ್ತಿ ಹಿಡಿದು ಅವನಿಗೆ ತೋರಿಸಿದ್ದು ನಾನು. ಕೈ ನಡುಗುತ್ತಿತ್ತು.

ಆದರೂ ನಾನು ಕ್ಷಮಾದಾನದ ಪರ. 1986ರಲ್ಲಿ ಆಗಿನ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯ್ದೆಯಿಂದ ಸುಮಾರು 27 ಲಕ್ಷ ಜನರಿಗೆ ಕಾನೂನುಬದ್ಧ ನೆಲೆ ಸಿಕ್ಕಿತು. ಆಮೇಲೂ ಅಕ್ರಮ ವಲಸಿಗರ ಸಂಖ್ಯೆ ಒಂದು ಕೋಟಿ ದಾಟಿತು. ಕ್ಷಮಿಸಿದ್ದೇ ತಪ್ಪು ಅಂತ ಕೆಲವರು. ಅಂಥವರಿಗೆ ಕೆಲಸ ಕೊಡುವ ಮಾಲೀಕರ ಮೇಲೆ ಕ್ರಮವನ್ನು ಸರಿಯಾಗಿ ಜಾರಿ ಮಾಡಲಿಲ್ಲ ಅಂತ ಇನ್ನು ಕೆಲವರು. ನನಗೆ ಎರಡನೆಯದೇ ಸರಿ ಅನಿಸುತ್ತೆ. ಮಂಡ್ಯ ಕಡೆ ಕಬ್ಬು ಕಡಿಯಲು ಆಳು ಸಿಗದೆ ಒದ್ದಾಡಿದವರಿಗೆ ಇಂಥ ವಲಸಿಗರನ್ನೇ ನಂಬಿರುವ ಅಮೆರಿಕದ ಹೊಲಗಳ ಕಷ್ಟವೂ ಅರ್ಥವಾದೀತು. ಮಗುವಾಗಿದ್ದಾಗ ಬಂದವರದ್ದಂತೂ ಏನು ತಪ್ಪು? 2012ರಲ್ಲಿ ಒಬಾಮಾ ಸರ್ಕಾರ ಅಂಥವರ ಗಡೀಪಾರು ಮುಂದೂಡಿತು, ಪೌರತ್ವ ಕೊಡಲಿಲ್ಲ.

ಬಿಟ್ಟುಹೋದವರಿಗೆ ಇವತ್ತು ಸಂಜೆ ನಾನೇ ಫೋನ್ ಮಾಡುತ್ತೇನೆ. ಬೈದವರು ದಯವಿಟ್ಟು ಆ ಮೆಸೇಜ್‌ಗಳನ್ನು ಅಳಿಸಿ.